ಇನ್ನೊಂದು ಚಾರ್ಟಿನಲ್ಲಿದ್ದ ಬೆಟ್ಟ

(ಕಾರವಾರದಲ್ಲಿ ಕಾಲೇಜು ವಿದ್ಯಾರ್ಥಿಗಳು, ಮೀನುಗಾರರು, ನಿವೃತ್ತ ನಾವಿಕರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯುದ್ಧದ ಸಬ್‌ಮರೀನಿಗೆ ಕಿಟಕಿ ಇರುವುದಿಲ್ಲ. ಮೊದಲು ಇದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಇವತ್ತಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ. ಮುಂದೆ ದೊಡ್ಡ ಗಾಜು, ಅದರಾಚೆ ಮೀನು, ಬಂಡೆ ಎಲ್ಲ ಕಾಣುತ್ತದೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಅಂಥದ್ದೇನೂ ಇಲ್ಲ. ಪೆರಿಸ್ಕೋಪ್ ಇದೆ, ನಿಜ. ಆದರೆ ಅದು ನೀರಿನ ಮೇಲೇನಿದೆ ಅಂತ ನೋಡುವುದಕ್ಕೆ. ಐವತ್ತು ಅರವತ್ತು ಅಡಿಗಿಂತ ಕೆಳಗೆ ಇಳಿದರೆ ಅದೂ ಕೆಲಸಕ್ಕೆ ಬರುವುದಿಲ್ಲ. ಇನ್ನೂ ಕೆಳಗೆ ಕತ್ತಲೆ. ಅಲ್ಲಿ ಉಳಿಯುವುದು ಎರಡೇ: ಕಿವಿ ಮತ್ತು ಕಾಗದ. ಕಿವಿ ಅಂದರೆ ಸೋನಾರ್. ಕಾಗದ ಅಂದರೆ ಚಾರ್ಟ್, ಸಮುದ್ರದ ನಕ್ಷೆ.

ವಿಶಾಖಪಟ್ಟಣದ ಕಡಲ ದಂಡೆಯಲ್ಲಿ ಐಎನ್‌ಎಸ್ ಕುರ್ಸುರ ಎಂಬ ಹಳೆಯ ಸಬ್‌ಮರೀನನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ನಿಮ್ಮಲ್ಲಿ ಕೆಲವರು ಅದರೊಳಗೆ ಹೋಗಿ ಬಂದಿರಬಹುದು. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಜಾಗ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ದುಂಡನೆಯ ಬಾಗಿಲು, ಕಾಲು ಎತ್ತಿ, ತಲೆ ತಗ್ಗಿಸಿ ದಾಟಬೇಕು. ಎಡಕ್ಕೆ ಬಲಕ್ಕೆ ತಲೆಯ ಮೇಲೆ ಎಲ್ಲ ಕಡೆ ಪೈಪು, ಕವಾಟ, ಹಿಡಿಕೆ, ಮೀಟರು. ಕೈ ಚಾಚಿದಲ್ಲೆಲ್ಲ ಕಬ್ಬಿಣ. ಈ ಚಿತ್ರವನ್ನು ಸ್ವಲ್ಪ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಈಗ 2005ರ ಜನವರಿ 8ಕ್ಕೆ ಬರೋಣ. ಯುಎಸ್‌ಎಸ್ ಸ್ಯಾನ್ ಫ್ರಾನ್ಸಿಸ್ಕೊ ಎಂಬ ಅಮೆರಿಕದ ಅಣುಶಕ್ತಿ ಸಬ್‌ಮರೀನು ಶಾಂತಸಾಗರದ ಗುವಾಮ್ ದ್ವೀಪದಿಂದ ಆಸ್ಟ್ರೇಲಿಯಾದ ಬ್ರಿಸ್ಬೇನಿಗೆ ಹೊರಟಿತ್ತು. ಯುದ್ಧದ ಕೆಲಸವಲ್ಲ, ಸೌಹಾರ್ದ ಭೇಟಿ. ಹುಡುಗರಿಗೆಲ್ಲ ದಡ ನೋಡುವ ಖುಷಿ. ಲಾಸ್ ಏಂಜಲೀಸ್ ದರ್ಜೆಯ ಸಬ್‌ಮರೀನು ಇದು. ಉದ್ದ 110 ಮೀಟರ್, ಮುಳುಗಿದಾಗಿನ ತೂಕ ಸುಮಾರು 6,900 ಟನ್. ಒಳಗೆ 137 ಮಂದಿ. ಗುವಾಮ್‌ನಿಂದ ಆಗ್ನೇಯಕ್ಕೆ ಸುಮಾರು 360 ನಾಟಿಕಲ್ ಮೈಲಿ ದೂರದಲ್ಲಿ, ಕ್ಯಾರೊಲಿನ್ ದ್ವೀಪಗಳ ಹತ್ತಿರ, 525 ಅಡಿ ಆಳದಲ್ಲಿ, ಪೂರ್ತಿ ವೇಗದಲ್ಲಿ ಹೋಗುತ್ತಿತ್ತು. 30 ನಾಟ್‌ಗೂ ಜಾಸ್ತಿ, ಅಂದರೆ ಗಂಟೆಗೆ 55 ಕಿಲೋಮೀಟರ್ ದಾಟಿದ ವೇಗ. ಬೆಳಗ್ಗೆ 11 ಗಂಟೆ 42 ನಿಮಿಷ. ಊಟದ ಹೊತ್ತು. ಊಟದ ಕೋಣೆ ತುಂಬ ಜನ.

ಅಷ್ಟರಲ್ಲಿ ಎದುರಿಗೆ ಬೆಟ್ಟ.

ಬೆಟ್ಟ ಅಂದರೆ ಬೆಟ್ಟವೇ. ಸಮುದ್ರದ ತಳದಿಂದ ಎದ್ದು, ಆದರೆ ನೀರಿನ ಮೇಲೆ ತಲೆ ಹಾಕದೆ ಒಳಗೇ ಉಳಿದ ಪರ್ವತ. ಹೆಚ್ಚಿನವು ಹಳೆಯ ಜ್ವಾಲಾಮುಖಿಗಳು. ಶಾಂತಸಾಗರದ ಆ ಭಾಗದಲ್ಲಿ ಇಂಥವು ಎಷ್ಟೋ ಇವೆ. ಕೆಲವು ಮೇಲಕ್ಕೆ ಬಂದು ದ್ವೀಪ ಆಗಿವೆ, ಉಳಿದವು ಕೆಳಗೇ ನಿಂತಿವೆ. ಇವುಗಳ ಮೈ ಬಹಳ ಕಡಿದು. ಒಂದು ಕಡೆ ತಳ ಎರಡು ಕಿಲೋಮೀಟರ್ ಕೆಳಗಿರುತ್ತದೆ, ಸ್ವಲ್ಪ ಮುಂದೆ ಹೋದರೆ ಮೂಗಿನ ಎದುರಿಗೇ ಗೋಡೆ. ಸ್ಯಾನ್ ಫ್ರಾನ್ಸಿಸ್ಕೊ ಡಿಕ್ಕಿ ಹೊಡೆಯುವ ನಾಲ್ಕು ನಿಮಿಷ ಮೊದಲು ಆಳ ಅಳೆದಿತ್ತು. ಕೆಳಗೆ ಸುಮಾರು 6,000 ಅಡಿ ನೀರಿದೆ ಅಂತ ಬಂದಿತ್ತು. ನಾಲ್ಕು ನಿಮಿಷ ಅಂದರೆ ಆ ವೇಗದಲ್ಲಿ ಮೂರೂವರೆ ಕಿಲೋಮೀಟರಿಗೂ ಜಾಸ್ತಿ ದೂರ. ಅಷ್ಟರೊಳಗೆ ಬೆಟ್ಟ ಬಂದುಬಿಟ್ಟಿತ್ತು.

ಡಿಕ್ಕಿ ಹೊಡೆದಾಗ ಒಳಗೆ ಏನಾಯಿತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸಾಮಾನ್ಯವಾಗಿ ಪತ್ರಿಕೆಗಳಲ್ಲಿ ಮೂತಿ ಜಜ್ಜಿದ ಸಬ್‌ಮರೀನಿನ ಫೋಟೊ ಬರುತ್ತದೆ, ನಾವೆಲ್ಲ ಅದನ್ನೇ ನೋಡುತ್ತೇವೆ. ಒಳಗಿನ ಹಾನಿಯ ಫೋಟೊ ಬರುವುದಿಲ್ಲ.

ನಮ್ಮ ಬಸ್ಸಿನ ಡ್ರೈವರ್ ದಿಢೀರ್ ಬ್ರೇಕ್ ಹಾಕಿದರೆ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರೆ ಅಲ್ವಾ? ಅಲ್ಲಿ ಬ್ರೇಕ್ ಹಾಕಲು ಕೂಡ ಯಾರಿಗೂ ಸಮಯ ಇರಲಿಲ್ಲ. 6,900 ಟನ್ ತೂಕದ ಉಕ್ಕು ಕೆಲವೇ ಕ್ಷಣದಲ್ಲಿ ನಿಂತುಹೋಯಿತು. ಒಳಗಿದ್ದ ಮನುಷ್ಯರು ಮಾತ್ರ ಅದೇ ವೇಗದಲ್ಲಿ ಮುಂದಕ್ಕೆ ಹೋದರು. ಸೀಟ್ ಬೆಲ್ಟ್ ಇಲ್ಲ. ಊಟಕ್ಕೆ ಕೂತವರು, ಏಣಿ ಹತ್ತುತ್ತಿದ್ದವರು, ಹಾಸಿಗೆಯಲ್ಲಿ ಮಲಗಿದ್ದವರು, ಮೀಟರ್ ಓದುತ್ತಾ ನಿಂತಿದ್ದವರು, ಎಲ್ಲರೂ ಗಾಳಿಯಲ್ಲಿ ಹಾರಿ ಎದುರು ಸಿಕ್ಕಿದ್ದಕ್ಕೆ ಬಡಿದರು. ಎದುರು ಇದ್ದದ್ದೆಲ್ಲ ಕಬ್ಬಿಣ. ಕೈ, ಭುಜ, ಪಕ್ಕೆಲುಬು ಮುರಿದವು, ತಲೆ ಒಡೆಯಿತು, ಮುಖ ಸೀಳಿತು. 137 ಮಂದಿಯಲ್ಲಿ 98 ಮಂದಿಗೆ ಗಾಯ. ಎಂಜಿನ್ ಕೋಣೆಯಲ್ಲಿದ್ದ 24 ವರ್ಷದ ಒಬ್ಬ ಹುಡುಗ ಸುಮಾರು 20 ಅಡಿ ದೂರಕ್ಕೆ ಎಸೆಯಲ್ಪಟ್ಟು ತಲೆಗೆ ಪೆಟ್ಟು ಮಾಡಿಕೊಂಡ. ಅವನು ಮರುದಿನ ತೀರಿಕೊಂಡ.

ಸಬ್‌ಮರೀನಿನಲ್ಲಿ ಡಾಕ್ಟರ್ ಇರುವುದಿಲ್ಲ. ತರಬೇತಿ ಪಡೆದ ಒಬ್ಬ ವೈದ್ಯಕೀಯ ಸಹಾಯಕ ಇರುತ್ತಾನೆ, ಅಷ್ಟೇ. ಅವನೊಬ್ಬನ ಮುಂದೆ 98 ಗಾಯಾಳುಗಳು. ಊಟದ ಕೋಣೆ ಆಸ್ಪತ್ರೆ ಆಯಿತು. ಕೈ ಮುರಿದುಕೊಂಡವರು ತಮಗಿಂತ ಜಾಸ್ತಿ ಪೆಟ್ಟಾದವರನ್ನು ಹೊತ್ತು ತಂದರು. ತಲೆಗೆ ಪೆಟ್ಟಾದ ಹುಡುಗನನ್ನು ಹೆಲಿಕಾಪ್ಟರಿಗೆ ಏರಿಸಲು ಪ್ರಯತ್ನಪಟ್ಟರು. ಸಮುದ್ರ ಒರಟಾಗಿತ್ತು, ಸ್ಟ್ರೆಚರನ್ನು ಆ ಕಿರಿದಾದ ಬಾಗಿಲಿನಿಂದ ಹೊರಗೆ ತರಲು ಆಗಲಿಲ್ಲ. ಆಗಲೇ ಹೇಳಿದೆನಲ್ಲ, ಒಬ್ಬರು ನುಸುಳುವಷ್ಟೇ ಜಾಗ. ಬದುಕಿಸಬೇಕಾದಾಗ ಆ ಇಕ್ಕಟ್ಟು ಏನು ಮಾಡುತ್ತದೆ ನೋಡಿ. ಈ ಭಾಗವನ್ನು ಓದಿದಾಗಲೆಲ್ಲ ನನಗೆ ತುಂಬ ಸಂಕಟವಾಗುತ್ತದೆ.

ಇನ್ನು ಹಡಗಿಗೆ ಆದ ಹಾನಿ. ಇದನ್ನು ತಿಳಿಯಲು ಸಬ್‌ಮರೀನಿನ ಮೂತಿ ಹೇಗಿರುತ್ತದೆ ಅಂತ ಗೊತ್ತಿರಬೇಕು. ತೀರ ಮುಂದಿರುವ ದುಂಡನೆಯ ಭಾಗ ಉಕ್ಕಲ್ಲ, ಫೈಬರ್. ಶಬ್ದ ಸಲೀಸಾಗಿ ಒಳಗೆ ಬರಲಿ ಅಂತ ಹಾಗೆ ಮಾಡುತ್ತಾರೆ. ಅದರೊಳಗೆ ಸೋನಾರಿನ ದೊಡ್ಡ ಗೋಳ. ಈ ಜಾಗದಲ್ಲಿ ನೀರು ತುಂಬಿಕೊಂಡೇ ಇರುತ್ತದೆ. ಅದರ ಹಿಂದೆ ಮುಂಭಾಗದ ಬ್ಯಾಲಸ್ಟ್ ಟ್ಯಾಂಕುಗಳು. ಇವುಗಳಲ್ಲಿ ನೀರು ತುಂಬಿದರೆ ಸಬ್‌ಮರೀನು ಮುಳುಗುತ್ತದೆ, ಗಾಳಿ ತುಂಬಿದರೆ ಮೇಲೆ ಬರುತ್ತದೆ. ಅದಕ್ಕೂ ಹಿಂದೆ ಮನುಷ್ಯರಿರುವ ಗಟ್ಟಿ ಉಕ್ಕಿನ ಕೊಳವೆ. ಅದಕ್ಕೆ ಪ್ರೆಶರ್ ಹಲ್ ಅನ್ನುತ್ತಾರೆ. 525 ಅಡಿ ಆಳದಲ್ಲಿ ಅದರ ಮೈಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು 16 ಕಿಲೋ ಭಾರ ಇರುತ್ತದೆ. ಅದರಲ್ಲಿ ಬಿರುಕು ಬಿದ್ದರೆ ಕಥೆ ಮುಗಿಯಿತು.

ಸ್ಯಾನ್ ಫ್ರಾನ್ಸಿಸ್ಕೊದ ಫೈಬರ್ ಮೂತಿ ಚೂರಾಯಿತು. ಸೋನಾರ್ ಹಾಳಾಯಿತು. ಮುಂಭಾಗದ ಬ್ಯಾಲಸ್ಟ್ ಟ್ಯಾಂಕುಗಳು ಹರಿದುಹೋದವು. ಆದರೆ ಇಷ್ಟೆಲ್ಲ ಮುರಿಯುವುದರಲ್ಲೇ ಪೆಟ್ಟಿನ ಬಲ ಬಹಳಷ್ಟು ಖರ್ಚಾಯಿತು. ಪ್ರೆಶರ್ ಹಲ್ ಒಡೆಯಲಿಲ್ಲ. ರಿಯಾಕ್ಟರ್ ಕೆಡಲಿಲ್ಲ. 136 ಮಂದಿ ಬದುಕಿ ಬಂದದ್ದು ಆ ಉಕ್ಕಿನ ಕೊಳವೆ ತಡೆದುಕೊಂಡಿದ್ದರಿಂದ.

ಆದರೂ ಆಗಲೇ ಬಚಾವಾಗಿರಲಿಲ್ಲ. ಸಬ್‌ಮರೀನು ಆಪತ್ತಿನಲ್ಲಿದ್ದಾಗ ಒಂದೇ ಉಪಾಯ: ಸಿಲಿಂಡರುಗಳಲ್ಲಿ ಒತ್ತಿ ತುಂಬಿಸಿಟ್ಟ ಗಾಳಿಯನ್ನು ಒಮ್ಮೆಲೇ ಬ್ಯಾಲಸ್ಟ್ ಟ್ಯಾಂಕುಗಳಿಗೆ ಬಿಡುವುದು. ಗಾಳಿ ನೀರನ್ನು ಹೊರಗೆ ತಳ್ಳುತ್ತದೆ, ಹಡಗು ಹಗುರಾಗಿ ಮೇಲಕ್ಕೆ ಚಿಮ್ಮುತ್ತದೆ. ಇದಕ್ಕೆ ಎರಡು ಹಿಡಿಕೆಗಳಿರುತ್ತವೆ. ಅವನ್ನು ಎಳೆದರು. ಗಾಳಿ ಹೋಯಿತು. ಹಡಗು ಏಳಲಿಲ್ಲ.

ಯಾಕೆಂದರೆ ಮುಂದಿನ ಟ್ಯಾಂಕುಗಳೇ ಹರಿದಿದ್ದವಲ್ಲ, ತುಂಬಿದ ಗಾಳಿ ಆ ಹರಕಿನಿಂದ ಸೋರಿಹೋಗುತ್ತಿತ್ತು. ಮೂತಿ ಕೆಳಗೆ ಮಾಡಿಕೊಂಡು ಹಡಗು ಅಲ್ಲೇ ಇತ್ತು. ಆಳದ ಮೀಟರಿನ ಮುಳ್ಳು ಕದಲುತ್ತದೋ ಇಲ್ಲವೋ ಅಂತ ಎಲ್ಲರ ಕಣ್ಣು ಅದರ ಮೇಲೆ. ಆಮೇಲೆ ನಿಧಾನವಾಗಿ ಮುಳ್ಳು ಅಲುಗಿತು. ಹಡಗು ಮೇಲೆ ಬಂತು. ಬಂದ ಮೇಲೂ ನಿರಾಳ ಇಲ್ಲ. ಹರಿದ ಟ್ಯಾಂಕುಗಳಿಗೆ ನೀರು ನುಗ್ಗುತ್ತಲೇ ಇತ್ತು. ಕಡಿಮೆ ಒತ್ತಡದ ಗಾಳಿ ಊದುವ ಯಂತ್ರವನ್ನು ಗಂಟೆಗಟ್ಟಲೆ, ಬಿಡುವು ಕೊಡದೆ ಓಡಿಸಿದರು. ಅಷ್ಟು ಹೊತ್ತು ಓಡಿಸಲು ಮಾಡಿದ ಯಂತ್ರವಲ್ಲ ಅದು. ಹಾಗೆ ನೀರನ್ನು ತಡೆಹಿಡಿದುಕೊಂಡು, ನೀರಿನ ಮೇಲೆಯೇ, ಜನವರಿ 10ರಂದು ಗುವಾಮ್ ಸೇರಿದರು. ಯಾರೂ ಎಳೆದು ತರಬೇಕಾಗಲಿಲ್ಲ, ತಮ್ಮದೇ ಎಂಜಿನ್‌ನಲ್ಲಿ ಬಂದರು. ಅಪಘಾತದ ನಂತರ ತೋರಿದ ಧೈರ್ಯಕ್ಕೆ, ಕೆಲಸಕ್ಕೆ 20 ನಾವಿಕರಿಗೆ ಆಮೇಲೆ ಪದಕ ಕೊಟ್ಟರು. ಕೊಟ್ಟದ್ದು ಸರಿಯಾಗಿದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಅಷ್ಟು ದೊಡ್ಡ ಬೆಟ್ಟ, ಕಾಣಲಿಲ್ಲವೇ? ಸೋನಾರ್ ಇತ್ತಲ್ಲ?

ಸೋನಾರಿನಲ್ಲಿ ಎರಡು ಬಗೆ. ಒಂದು, ತಾನೇ ಶಬ್ದ ಬಿಟ್ಟು ಅದರ ಪ್ರತಿಧ್ವನಿ ಕೇಳುವುದು. ಇನ್ನೊಂದು, ಸುಮ್ನೆ ಕಿವಿಗೊಟ್ಟು ಬೇರೆಯವರ ಶಬ್ದ ಕೇಳುವುದು. ಸಬ್‌ಮರೀನು ಬದುಕುವುದೇ ಅಡಗಿಕೊಂಡು. ಮೊದಲನೆಯ ಬಗೆಯಲ್ಲಿ ಶಬ್ದ ಬಿಟ್ಟರೆ ‘ನಾನು ಇಲ್ಲಿದ್ದೇನೆ’ ಅಂತ ಸುತ್ತಲಿನವರಿಗೆಲ್ಲ ಸಾರಿದಂತೆ. ಹಾಗಾಗಿ ಅದನ್ನು ಬಳಸುವುದು ಬಹಳ ಅಪರೂಪ. ಎರಡನೆಯ ಬಗೆಯಲ್ಲಿ ಹಡಗುಗಳ ಎಂಜಿನ್, ಪ್ರೊಪೆಲ್ಲರ್ ಕೇಳುತ್ತವೆ. ಬೆಟ್ಟಕ್ಕೆ ಎಂಜಿನ್ ಇಲ್ಲ. ಅದು ಸದ್ದು ಮಾಡುವುದಿಲ್ಲ. ಜೊತೆಗೆ ಪೂರ್ತಿ ವೇಗದಲ್ಲಿ ಹೋಗುವಾಗ ಮೈ ಮೇಲೆ ಹರಿಯುವ ನೀರಿನ ಸದ್ದೇ ಕಿವಿ ತುಂಬುತ್ತದೆ. ಆಳ ಅಳೆಯುವ ಯಂತ್ರ ಇದೆ, ಆದರೆ ಅದು ನೇರ ಕೆಳಗೆ ನೋಡುತ್ತದೆ, ಮುಂದಕ್ಕಲ್ಲ.

ಅಂದರೆ ಬೆಟ್ಟದ ವಿಷಯ ಬಂದಾಗ ಕಿವಿಯೂ ಇಲ್ಲ. ಉಳಿಯುವುದು ಚಾರ್ಟ್ ಒಂದೇ. ನಾನು ಇವತ್ತು ಹೇಳಬೇಕೆಂದಿರುವ ಮುಖ್ಯ ವಿಷಯವೂ ಇದೇ.

ಆ ದಿನ ಮೇಜಿನ ಮೇಲೆ ಹರಡಿ, ಅದರ ಮೇಲೆ ದಾರಿಯ ಗೆರೆ ಎಳೆದು ಬಳಸುತ್ತಿದ್ದ ಚಾರ್ಟ್ 1989ರಲ್ಲಿ ತಯಾರಾದದ್ದು. ಅದರಲ್ಲಿ ಆ ಜಾಗದಲ್ಲಿ ಏನೂ ಇರಲಿಲ್ಲ. ಆಳವಾದ, ಖಾಲಿ ಸಮುದ್ರ. ಈ ಮಾತು ಹೊರಗೆ ಬಂದ ಕೂಡಲೇ ‘ನಕ್ಷೆಯಲ್ಲಿ ಇಲ್ಲದ ಬೆಟ್ಟ, ಯಾರೇನು ಮಾಡಲು ಸಾಧ್ಯ’ ಅಂತ ತುಂಬ ಜನ ಹೇಳಿದರು. ಇವತ್ತಿಗೂ ಹಾಗೇ ಹೇಳುವವರಿದ್ದಾರೆ. ಅದು ಅರ್ಧ ಸತ್ಯ.

ನೌಕಾಪಡೆ ತನಿಖೆ ಮಾಡಿತು. ಅದೇ ಸಬ್‌ಮರೀನಿನೊಳಗೆ ಅದೇ ಪ್ರದೇಶದ ಬೇರೆ ಚಾರ್ಟುಗಳಿದ್ದವು. ಅವುಗಳಲ್ಲಿ, ಅಪಘಾತ ನಡೆದ ಜಾಗದಿಂದ ಎರಡು-ಮೂರು ಮೈಲಿ ದೂರದಲ್ಲಿ, ‘ಇಲ್ಲಿ ನೀರಿನ ಬಣ್ಣ ಬೇರೆ’ ಎಂಬ ಗುರುತು ಇತ್ತು. 1960ರ ದಶಕದಲ್ಲಿ ಯಾವುದೋ ಹಡಗಿನವರು ನೋಡಿ ವರದಿ ಮಾಡಿದ್ದು. ಇಲ್ಲಿರುವ ಮೀನುಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಡುನೀಲಿ ನೀರಿನ ನಡುವೆ ಒಂದು ಕಡೆ ಮಾತ್ರ ಮಾಸಲು ಬಣ್ಣ ಕಂಡರೆ ಅಲ್ಲಿ ಆಳ ಕಡಿಮೆ ಇರಬಹುದು, ಕೆಳಗೆ ಏನೋ ಎದ್ದಿರಬಹುದು ಅಂತ ನಿಮಗೆ ಗೊತ್ತು. ಆ ನಾವಿಕರಿಗೂ ಗೊತ್ತಾಗಿತ್ತು. ನೋಡಿದ್ದನ್ನು ಬರೆದು ಕಳಿಸಿದರು. ಕಚೇರಿಯವರು ಅದನ್ನು ಚಾರ್ಟಿಗೆ ಹಾಕಿದರು. ನಲವತ್ತು ವರ್ಷ ಅದು ಅಲ್ಲೇ ಇತ್ತು. ಬಳಕೆಯಲ್ಲಿದ್ದ ಚಾರ್ಟಿಗೆ ಮಾತ್ರ ಅದನ್ನು ಇಳಿಸಿರಲಿಲ್ಲ. ಹೊರಡುವ ಮೊದಲು ಸಿಕ್ಕ ಚಾರ್ಟುಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿ, ಅಪಾಯದ ಗುರುತುಗಳನ್ನೆಲ್ಲ ಒಂದೇ ಕಡೆ ಬರೆದುಕೊಳ್ಳಬೇಕು. ಅದು ನೌಕಾಯಾನದ ಹಳೆಯ ನಿಯಮ. ಆ ಕೆಲಸ ಆಗಲಿಲ್ಲ.

ಇನ್ನೊಂದು ವಿಷಯವೂ ತನಿಖೆಯಲ್ಲಿ ಬಂತು. ದಾರಿಯಲ್ಲಿ ಅಳೆದ ಆಳಕ್ಕೂ ಚಾರ್ಟಿನಲ್ಲಿದ್ದ ಆಳಕ್ಕೂ ಹೊಂದಿಕೆ ಆಗುತ್ತಿರಲಿಲ್ಲ. ಅಂದರೆ ‘ಈ ಕಾಗದವನ್ನು ಪೂರ್ತಿ ನಂಬಬೇಡ’ ಅನ್ನುವ ಸೂಚನೆ ಆಗಲೇ ಸಿಕ್ಕಿತ್ತು. ವೇಗ ಕಡಿಮೆ ಮಾಡಿ, ಆಳವನ್ನು ಮತ್ತೆ ಮತ್ತೆ ಅಳೆಯುತ್ತಾ ಹೋಗಿದ್ದರೆ ಕಥೆ ಬೇರೆಯಾಗಬಹುದಿತ್ತು. ಕ್ಯಾಪ್ಟನ್ ಕೆವಿನ್ ಮೂನಿ ಅವರನ್ನು ಫೆಬ್ರುವರಿಯಲ್ಲಿ ಹುದ್ದೆಯಿಂದ ಇಳಿಸಿದರು. ಸಿಬ್ಬಂದಿಯಲ್ಲಿ ಆರು ಮಂದಿಗೂ ಶಿಕ್ಷೆ ಆಯಿತು.

ನನ್ನ ಅಭಿಪ್ರಾಯ ಹೇಳುತ್ತೇನೆ. ಶಿಕ್ಷೆ ತಪ್ಪು ಅಂತ ನಾನು ಹೇಳುವುದಿಲ್ಲ. ಕ್ಯಾಪ್ಟನ್ ಅಂದ ಮೇಲೆ ಹೊಣೆ ಹೊರಬೇಕು. ಆದರೆ ಹಡಗಿನವರನ್ನು ಮಾತ್ರ ನೋಡಿದರೆ ಸಾಲದು. 1999ರಲ್ಲೇ ತೆಗೆದ ಉಪಗ್ರಹ ಚಿತ್ರದಲ್ಲಿ ಆ ಜಾಗದಲ್ಲಿ ಏನೋ ಮೇಲೆದ್ದಿರುವ ಸುಳಿವು ಇತ್ತು. ಆರು ವರ್ಷ ಕಳೆದರೂ ಅದು ನಾವಿಕನ ಮೇಜಿಗೆ ಬರಲಿಲ್ಲ. ಒಂದು ಕಚೇರಿಯಲ್ಲಿ ಉಪಗ್ರಹ ಚಿತ್ರ, ಒಂದು ಕಪಾಟಿನಲ್ಲಿ ಹಳೆಯ ವರದಿ, ಮೇಜಿನ ಮೇಲೆ ಖಾಲಿ ನೀಲಿ ಕಾಗದ. ತಿಳಿವಳಿಕೆ ಇತ್ತು, ಅದು ಬೇಕಾದವನ ಕಣ್ಣ ಮುಂದೆ ಇರಲಿಲ್ಲ. ಆ 24 ವರ್ಷದ ಹುಡುಗ ಸತ್ತದ್ದು ಬೆಟ್ಟದಿಂದ ಅನ್ನುವುದಕ್ಕಿಂತ ಈ ಅಂತರದಿಂದ ಅಂತ ನಾನು ನಂಬುತ್ತೇನೆ.

ಹಡಗಿನ ರಿಪೇರಿಯ ಕಥೆಯೂ ಸ್ವಾರಸ್ಯವಾಗಿದೆ. ಸ್ಯಾನ್ ಫ್ರಾನ್ಸಿಸ್ಕೊಗೆ ಕೆಲವೇ ವರ್ಷಗಳ ಹಿಂದೆ ಹೊಸ ಅಣು ಇಂಧನ ತುಂಬಿಸಿದ್ದರು. ಅದೇ ದರ್ಜೆಯ ಯುಎಸ್‌ಎಸ್ ಹೊನೊಲುಲು ಎಂಬ ಇನ್ನೊಂದು ಸಬ್‌ಮರೀನಿನ ಇಂಧನ ಮುಗಿಯುತ್ತಾ ಬಂದಿತ್ತು, ಅದನ್ನು ನಿವೃತ್ತಿ ಮಾಡುವವರಿದ್ದರು. ಸರಿ, ಹೊನೊಲುಲುವಿನ ಮೂತಿಯನ್ನು ಕತ್ತರಿಸಿ ಸ್ಯಾನ್ ಫ್ರಾನ್ಸಿಸ್ಕೊಗೆ ಬೆಸೆದರು. ಕತ್ತರಿಸಿದ ಭಾಗದ ತೂಕವೇ 450 ಟನ್‌ಗೂ ಜಾಸ್ತಿ. ಖರ್ಚು 7.9 ಕೋಟಿ ಡಾಲರ್. ಹೊನೊಲುಲುವಿಗೆ ಇಂಧನ ತುಂಬಿ ಹೊಸದು ಮಾಡಲು 17 ಕೋಟಿ ಡಾಲರ್ ಬೇಕಿತ್ತು. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತೆ ಕೆಲಸಕ್ಕೆ ಬಂತು. ಈಗ ಅದು ಸಮುದ್ರಕ್ಕೆ ಹೋಗುವುದಿಲ್ಲ. ದಡಕ್ಕೆ ಕಟ್ಟಿಹಾಕಿ, ಹೊಸ ನಾವಿಕರಿಗೆ ರಿಯಾಕ್ಟರ್ ನಡೆಸುವುದನ್ನು ಕಲಿಸಲು ಬಳಸುತ್ತಾರೆ.

ಇಷ್ಟೆಲ್ಲ ಆದ ಮೇಲೆ ಪಾಠ ಕಲಿತಿರಬೇಕಲ್ಲ? 2021ರ ಅಕ್ಟೋಬರ್ 2ರಂದು ದಕ್ಷಿಣ ಚೀನಾ ಸಮುದ್ರದಲ್ಲಿ ಯುಎಸ್‌ಎಸ್ ಕನೆಕ್ಟಿಕಟ್ ಎಂಬ ಸಬ್‌ಮರೀನು ನೀರಿನೊಳಗಿನ ಬೆಟ್ಟಕ್ಕೆ ತಾಗಿತು. ಅಮೆರಿಕದ ಬಳಿ ಈ ದರ್ಜೆಯವು ಇರುವುದೇ ಮೂರು, ತೀರ ದುಬಾರಿಯವು. ಹನ್ನೊಂದು ಮಂದಿಗೆ ಗಾಯ, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಮತ್ತೆ ನೀರಿನ ಮೇಲೆಯೇ ಗುವಾಮ್‌ಗೆ ಬಂತು. ಮತ್ತೆ ತನಿಖೆ, ಕ್ಯಾಪ್ಟನ್ ಸೇರಿ ಮೂವರನ್ನು ಹುದ್ದೆಯಿಂದ ಇಳಿಸಿದರು. ಇದು ತಪ್ಪಿಸಬಹುದಾಗಿದ್ದ ಅಪಘಾತ ಅಂತ ವರದಿ ಹೇಳಿತು. ರಿಪೇರಿಗೆ ವರ್ಷಗಳೇ ಹಿಡಿದವು. ಹದಿನಾರು ವರ್ಷದ ಅಂತರದಲ್ಲಿ ಅದೇ ಬಗೆಯ ತಪ್ಪು. ಇದನ್ನು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ.

ಬೆಟ್ಟ ಅಲುಗದೆ ನಿಂತಿರುತ್ತದೆ. ಇನ್ನೊಂದು ಸಬ್‌ಮರೀನು ಹಾಗಲ್ಲ. 2009ರ ಫೆಬ್ರುವರಿ ಮೊದಲ ವಾರದಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿನ ಎಚ್‌ಎಂಎಸ್ ವ್ಯಾನ್‌ಗಾರ್ಡ್, ಫ್ರಾನ್ಸಿನ ಲ ತ್ರಿಯೊಂಫಾಂ ಪರಸ್ಪರ ಡಿಕ್ಕಿ ಹೊಡೆದವು. ಎರಡೂ ಅಣ್ವಸ್ತ್ರ ಕ್ಷಿಪಣಿ ಹೊತ್ತೊಯ್ಯುವ ಸಬ್‌ಮರೀನುಗಳು, ಒಂದೊಂದರಲ್ಲೂ 16 ಕ್ಷಿಪಣಿಗೆ ಜಾಗ. ಸಾಗರ ಇಷ್ಟು ವಿಶಾಲ ಇರುವಾಗ ಅವೆರಡೇ ಹೇಗೆ ಎದುರಾದವು? ಎರಡೂ ಸದ್ದು ಮಾಡದಂತೆ ಕಟ್ಟಿದವು. ನಿಧಾನವಾಗಿ, ಅಡಗಿಕೊಂಡು ಹೋಗುತ್ತಿದ್ದವು. ಒಂದಕ್ಕೆ ಇನ್ನೊಂದು ಕೇಳಿಸಲಿಲ್ಲ. ಮಿತ್ರ ದೇಶಗಳು ತಮ್ಮ ಸಾಮಾನ್ಯ ಸಬ್‌ಮರೀನುಗಳ ಓಡಾಟದ ಜಾಗವನ್ನು ಹಂಚಿಕೊಳ್ಳುತ್ತವೆ. ಆದರೆ ಅಣ್ವಸ್ತ್ರದ ಸಬ್‌ಮರೀನು ಎಲ್ಲಿದೆ ಅಂತ ಫ್ರಾನ್ಸ್ ಯಾರಿಗೂ ಹೇಳುತ್ತಿರಲಿಲ್ಲ. ಫ್ರಾನ್ಸ್ ಮೊದಲು ಹೇಳಿದ್ದು ‘ನೀರಿನಲ್ಲಿ ಮುಳುಗಿದ್ದ ವಸ್ತುವಿಗೆ, ಬಹುಶಃ ಕಂಟೇನರಿಗೆ ತಾಗಿದೆ’ ಅಂತ. ಹತ್ತು ದಿನದ ಮೇಲೆ ಬ್ರಿಟನ್ನಿನ ಪತ್ರಿಕೆಯೊಂದು ನಿಜ ಹೊರಗೆಳೆಯಿತು. ವೇಗ ಕಡಿಮೆ ಇದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ತ್ರಿಯೊಂಫಾಂನ ಸೋನಾರ್ ಮೂತಿ ಜಜ್ಜಿತು, ವ್ಯಾನ್‌ಗಾರ್ಡ್‌ನ ಮೈ ತಗ್ಗಾಗಿ ಗೀರಿತು. ಅಣುಬಾಂಬು ಡಿಕ್ಕಿಯಿಂದ ಸಿಡಿಯುವಂಥದ್ದಲ್ಲ, ಅದು ನಿಜ. ಆದರೂ ಎರಡು ರಿಯಾಕ್ಟರುಗಳು ಕತ್ತಲಲ್ಲಿ ತಾಗಿದ್ದನ್ನು ಸಣ್ಣ ವಿಷಯ ಅನ್ನಲು ನನ್ನಿಂದ ಆಗುವುದಿಲ್ಲ.

ಶೀತಲ ಸಮರದ ಕಾಲದ ಅಭ್ಯಾಸ ಇನ್ನೂ ಅಪಾಯದ್ದು. ಒಬ್ಬರ ಬೆನ್ನ ಹಿಂದೆ ಒಬ್ಬರು ಹತ್ತಿರ ಹತ್ತಿರ ಹಿಂಬಾಲಿಸುವುದು. 1992ರ ಫೆಬ್ರುವರಿ 11ರಂದು ರಷ್ಯಾದ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದಲ್ಲಿ ಅಮೆರಿಕದ ಬೇಟನ್ ರೂಜ್, ರಷ್ಯಾದ ಕೊಸ್ತ್ರೊಮಾ ತಾಗಿದವು. ಸೋವಿಯತ್ ಒಕ್ಕೂಟ ಒಡೆದು ಎರಡು ತಿಂಗಳೂ ಆಗಿರಲಿಲ್ಲ. ಮರುವರ್ಷ ಮಾರ್ಚಿನಲ್ಲಿ ಗ್ರೇಲಿಂಗ್ ಮತ್ತು ನೊವೊಮೊಸ್ಕೊವ್ಸ್ಕ್. ಇಷ್ಟೆಲ್ಲ ನಡೆದಿದ್ದರಿಂದಲೇ 2000ದಲ್ಲಿ ರಷ್ಯಾದ ಸಬ್‌ಮರೀನು ಕುರ್ಸ್ಕ್ ಮುಳುಗಿ 118 ಮಂದಿ ಸತ್ತಾಗ ಮೊದಲು ‘ವಿದೇಶಿ ಸಬ್‌ಮರೀನು ಡಿಕ್ಕಿ ಹೊಡೆದಿರಬೇಕು’ ಅಂದದ್ದನ್ನು ಎಷ್ಟೋ ಜನ ನಂಬಿದರು. ಕಾರಣ ಅದಾಗಿರಲಿಲ್ಲ. ಅದರದೇ ಟಾರ್ಪಿಡೊದ ಇಂಧನ ಸೋರಿ ಸ್ಫೋಟಿಸಿತ್ತು.

ನಮ್ಮ ಕಡಲಿಗೆ ಬರೋಣ. 2024ರ ನವೆಂಬರಿನಲ್ಲಿ ಗೋವಾದಿಂದ ವಾಯವ್ಯಕ್ಕೆ ಸುಮಾರು 70 ನಾಟಿಕಲ್ ಮೈಲಿ ದೂರದಲ್ಲಿ ‘ಮಾರ್ತೋಮ’ ಎಂಬ ಮೀನುಗಾರಿಕೆ ಬೋಟಿಗೂ ನಮ್ಮ ನೌಕಾಪಡೆಯ ಸಬ್‌ಮರೀನಿಗೂ ಡಿಕ್ಕಿಯಾಯಿತು. ಬೋಟಿನಲ್ಲಿ 13 ಮಂದಿ. 11 ಮಂದಿಯನ್ನು ಉಳಿಸಿದರು. ಇಬ್ಬರು ಹೋದರು. ಇಂಥ ಅಪಘಾತಗಳಲ್ಲಿ ಲೆಕ್ಕ ಯಾವಾಗಲೂ ಒಂದೇ ಕಡೆ ವಾಲುತ್ತದೆ. ಸಾವಿರಾರು ಟನ್ ಉಕ್ಕಿನ ಮುಂದೆ ಬೋಟು ಏನೂ ಅಲ್ಲ. 1990ರಲ್ಲಿ ಸ್ಕಾಟ್ಲೆಂಡಿನಲ್ಲಿ ಆಂಟಾರಿಸ್ ಎಂಬ ಬೋಟಿನ ಬಲೆ ಬ್ರಿಟಿಷ್ ಸಬ್‌ಮರೀನಿಗೆ ಸಿಕ್ಕಿ, ಬೋಟನ್ನೇ ಎಳೆದುಕೊಂಡು ಹೋಗಿ ನಾಲ್ವರು ಸತ್ತಿದ್ದರು. 2001ರಲ್ಲಿ ಹವಾಯಿಯ ಹತ್ತಿರ ಯುಎಸ್‌ಎಸ್ ಗ್ರೀನ್‌ವಿಲ್ ದಿಢೀರನೆ ಮೇಲೆದ್ದು ಜಪಾನಿನ ಮೀನುಗಾರಿಕೆ ತರಬೇತಿ ಹಡಗು ಎಹಿಮೆ ಮಾರುವನ್ನು ಸೀಳಿತು. ಒಂಬತ್ತು ಜನ ಹೋದರು. ಅವರಲ್ಲಿ ನಾಲ್ವರು ಹೈಸ್ಕೂಲಿನ ಮಕ್ಕಳು.

ಅರಬ್ಬಿ ಸಮುದ್ರದ ತಳವೂ ಸಪಾಟಲ್ಲ. ನಮ್ಮ ಪಶ್ಚಿಮ ಕರಾವಳಿಯಾಚೆ, ಲಕ್ಷ್ಮಿ ಕಣಿವೆ ಅನ್ನುವ ಆಳದ ಜಾಗದಲ್ಲಿ, ನೀರಿನೊಳಗೇ ಇರುವ ಬೆಟ್ಟಗಳಿವೆ. ಅದರಲ್ಲೊಂದಕ್ಕೆ ಸಿ.ವಿ. ರಾಮನ್ ಅವರ ಹೆಸರಿಟ್ಟಿದ್ದಾರೆ, ಬೆಂಗಳೂರಿನಲ್ಲಿ ಬಾಳಿ ಹೋದ ನಮ್ಮ ರಾಮನ್. ಪಕ್ಕದಲ್ಲೇ ಸಾಗರ ವಿಜ್ಞಾನಿ ಪಣಿಕ್ಕರ್ ಹೆಸರಿನ ಇನ್ನೊಂದು ಬೆಟ್ಟ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದರು: ‘ಉಪಗ್ರಹದಿಂದ ಭೂಮಿಯ ಇಂಚಿಂಚೂ ಕಾಣುತ್ತದೆ ಅನ್ನುತ್ತಾರೆ. ಸಮುದ್ರದ ತಳ ಯಾಕೆ ಕಾಣುವುದಿಲ್ಲ?’

ಒಳ್ಳೆಯ ಪ್ರಶ್ನೆ. ರೇಡಾರ್ ಅಲೆ ನೀರಿನೊಳಗೆ ಹೋಗುವುದಿಲ್ಲ. ಆದರೆ ವಿಜ್ಞಾನಿಗಳು ಒಂದು ಜಾಣ ದಾರಿ ಕಂಡುಕೊಂಡಿದ್ದಾರೆ. ಬೆಟ್ಟಕ್ಕೆ ತೂಕ ಇದೆ, ಹಾಗಾಗಿ ಗುರುತ್ವವೂ ಇದೆ. ಅದು ಸುತ್ತಲಿನ ನೀರನ್ನು ತನ್ನ ಕಡೆ ಎಳೆಯುತ್ತದೆ. ಎರಡು ಕಿಲೋಮೀಟರ್ ಎತ್ತರದ ಬೆಟ್ಟದ ಮೇಲೆ ಸಮುದ್ರದ ಮೈ ಸುಮಾರು ಎರಡು ಮೀಟರ್ ಉಬ್ಬಿರುತ್ತದೆ. ಅಗಲವಾಗಿ ಹರಡಿದ ಉಬ್ಬು, ಹಡಗಿನಲ್ಲಿ ಹೋಗುವವರಿಗೆ ಗೊತ್ತೇ ಆಗುವುದಿಲ್ಲ. ಉಪಗ್ರಹ ಆ ಉಬ್ಬನ್ನು ಅಳೆಯುತ್ತದೆ. ಇದರಿಂದ ಸಾವಿರಾರು ಬೆಟ್ಟಗಳ ಸುಳಿವು ಸಿಕ್ಕಿದೆ. ಆದರೆ ತುದಿ ಎಷ್ಟು ಅಡಿ ಕೆಳಗಿದೆ ಅಂತ ಖಚಿತವಾಗಿ ತಿಳಿಯಲು ಹಡಗಿನಲ್ಲೇ ಹೋಗಿ ಸೋನಾರಿನಿಂದ ಅಳೆಯಬೇಕು. ಸೀಬೆಡ್ 2030 ಎಂಬ ಅಂತರರಾಷ್ಟ್ರೀಯ ಯೋಜನೆ 2017ರಲ್ಲಿ ಶುರುವಾದಾಗ ಹೀಗೆ ಸರಿಯಾಗಿ ಅಳೆದ ತಳ ಬರೀ 6 ಶೇಕಡಾ. ಈಗ ಕಾಲು ಭಾಗ ದಾಟಿದೆ. ಮುಕ್ಕಾಲು ಭಾಗ ಬಾಕಿ.

ನಿವೃತ್ತ ನಾವಿಕರೊಬ್ಬರು ಎದ್ದು, ಪ್ರಶ್ನೆಗಿಂತ ಹೆಚ್ಚಾಗಿ ಒಂದು ಮಾಹಿತಿ ಸೇರಿಸಿದರು. ನಮ್ಮ ದೇಶದ ಚಾರ್ಟುಗಳು ತಯಾರಾಗುವುದು ಡೆಹರಾಡೂನಿನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿಯಲ್ಲಿ. ಅಲ್ಲಿಂದ ಹದಿನೈದು ದಿನಕ್ಕೊಮ್ಮೆ ತಿದ್ದುಪಡಿಗಳು ಹೊರಡುತ್ತವೆ. ಅವುಗಳನ್ನು ಕಾಗದದ ಚಾರ್ಟಿನ ಮೇಲೆ ನೇರಳೆ ಕೆಂಪು ಶಾಯಿಯಲ್ಲಿ, ಸಣ್ಣ ಅಕ್ಷರದಲ್ಲಿ ಕೈಯಿಂದಲೇ ಹಾಕಬೇಕು. ಹಾಕಿದ ಮೇಲೆ ಕೆಳಗಿನ ಎಡ ಮೂಲೆಯಲ್ಲಿ ಆ ತಿದ್ದುಪಡಿಯ ಸಂಖ್ಯೆ, ವರ್ಷ ಬರೆಯಬೇಕು. ಹೊಸದಾಗಿ ಹಡಗಿಗೆ ಬಂದ ಅಧಿಕಾರಿ ಮೊದಲು ನೋಡಬೇಕಾದದ್ದು ಆ ಮೂಲೆಯನ್ನು ಅಂದರು. ಸಭೆಯಲ್ಲಿ ಇಷ್ಟು ಖಚಿತವಾಗಿ ಮಾತಾಡುವವರು ಸಿಕ್ಕಿದ್ದು ನನಗೆ ತುಂಬ ಸಂತೋಷ ಕೊಟ್ಟಿತು. ಈಗ ಬಹಳ ಹಡಗುಗಳಲ್ಲಿ ಚಾರ್ಟ್ ಪರದೆಯ ಮೇಲೆ ಬಂದಿದೆ, ತಿದ್ದುಪಡಿಯೂ ಫೈಲಾಗಿ ಬರುತ್ತದೆ. ಆದರೂ ಯಾರಾದರೂ ಅದನ್ನು ಹಾಕಲೇಬೇಕು, ಯಾರಾದರೂ ಪರಿಶೀಲಿಸಲೇಬೇಕು.

ಕೊನೆಯದು ಮೀನುಗಾರರೊಬ್ಬರ ಪ್ರಶ್ನೆ: ‘ನಮಗೆ ಬಲೆ ಸಿಕ್ಕಿಕೊಳ್ಳುವ ಜಾಗ, ನೀರಿನ ಬಣ್ಣ ಬೇರೆ ಇರುವ ಜಾಗ ಎಲ್ಲ ಗೊತ್ತು. ನಾವು ಹೇಳಿದರೆ ಯಾರಾದರೂ ಕೇಳುತ್ತಾರಾ?’

ಕೇಳಬೇಕು, ಅದಕ್ಕೆ ವ್ಯವಸ್ಥೆಯೂ ಇದೆ. ಸಮುದ್ರದಲ್ಲಿ ಯಾರೇ ಹೊಸ ಅಪಾಯ ಕಂಡರೂ ಹೈಡ್ರೋಗ್ರಾಫಿಕ್ ಕಚೇರಿಗೆ ಬರೆದು ತಿಳಿಸಲು ಒಂದು ನಮೂನೆ ಇದೆ. ದೊಡ್ಡ ಹಡಗಿನವರೇ ಬರೆಯಬೇಕು ಅಂತೇನಿಲ್ಲ. ಜಿಪಿಎಸ್‌ನಲ್ಲಿ ಬಂದ ಅಕ್ಷಾಂಶ ರೇಖಾಂಶ, ದಿನ, ಹೊತ್ತು, ಆಳ ಅಳೆದಿದ್ದರೆ ಎಷ್ಟು ಬಂತು, ನೀರು ಹೇಗೆ ಕಂಡಿತು, ಇಷ್ಟು ಸಾಕು. ಬರೆಯುವುದು ಕಷ್ಟ ಅನಿಸಿದರೆ ಇಲ್ಲಿರುವ ಕಾಲೇಜಿನ ಮಕ್ಕಳು ಬರೆದುಕೊಡಲಿ. ಸಭೆ ಮುಗಿದ ಮೇಲೆ ಇಬ್ಬರು ವಿದ್ಯಾರ್ಥಿಗಳು ಅವರ ಫೋನ್ ನಂಬರ್ ತೆಗೆದುಕೊಂಡರು.